ಒಂದು ಅಳು, ಅರೆಗಳಿಗೆಯ ಕರುಣೆ

ವೈಜ್ಞಾನಿಕ ಕಥಾಚಿತ್ರವೆಂದರೆ ಯಂತ್ರಗಳ ಅಬ್ಬರ ಎಂದುಕೊಂಡವರು ಅಲ್ಫೊನ್ಸೊ ಕ್ವಾರೊನ್‌ರ ‘ಚಿಲ್ಡ್ರನ್ ಆಫ್ ಮೆನ್’ (2006) ನೋಡಬೇಕು. ಕಥೆ ನಡೆಯುವುದು 2027ರ ಬ್ರಿಟನ್ನಿನಲ್ಲಿ. ಹದಿನೆಂಟು ವರ್ಷಗಳಿಂದ ಜಗತ್ತಿನಲ್ಲಿ ಮಗುವೇ ಹುಟ್ಟಿಲ್ಲ. ನಿರಾಶ್ರಿತರನ್ನು ಪಂಜರಗಳಲ್ಲಿ ಕೂಡಿಹಾಕಲಾಗಿದೆ. ಕೊನೆಗೆ ಬಸುರಾಗುವವಳು ಕೀ ಎಂಬ ಆಫ್ರಿಕನ್ ನಿರಾಶ್ರಿತೆ. ಪಿ.ಡಿ. ಜೇಮ್ಸ್‌ರ 1992ರ ಮೂಲ ಕಾದಂಬರಿಯಲ್ಲಿ ಇವಳಿಲ್ಲ. ನಮ್ಮ ಪ್ರಕಾರ ಈ ಬದಲಾವಣೆಯಲ್ಲೇ ಚಿತ್ರದ ಸಾಮಾಜಿಕ ರೂಪಕವಿದೆ: ನಾವು ಹೊರದಬ್ಬಿದವರ ಮಡಿಲಲ್ಲೇ ನಮ್ಮ ನಾಳೆ ಇದೆ.

ಬೆಕ್ಸ್‌ಹಿಲ್ ಶಿಬಿರದ ಕಾಳಗದಲ್ಲಿ ಹಸುಗೂಸಿನ ಅಳು ಕೇಳಿ ಸೈನಿಕರು ಬಂದೂಕು ತಗ್ಗಿಸುತ್ತಾರೆ, ಕೆಲವರು ಮಂಡಿಯೂರುತ್ತಾರೆ. ತಾಯಿ-ಮಗು ದಾಟಿಹೋಗುತ್ತಲೇ ಗುಂಡಿನ ಸದ್ದು ಮತ್ತೆ ಆರಂಭ. ಆ ಕರುಣೆ ಕಪಟವಲ್ಲ. ಆದರೆ ಕಣ್ಣೆದುರಿನ ಮಗುವಿಗೆ ಕರಗಿದ ಮನಸ್ಸು ಅದೇ ಕಟ್ಟಡದಲ್ಲಿ ಉಳಿದವರಿಗಾಗಿ ಕರಗಲಿಲ್ಲ. ಉಪದೇಶದ ಒಂದು ಮಾತೂ ಇಲ್ಲದೆ ಚಿತ್ರ ನಮ್ಮ ಸ್ವಭಾವವನ್ನು ನಮಗೇ ತೋರಿಸುತ್ತದೆ.