ಎರಡನೆಯ ಭಯ: ಕ್ಲೇರ್ ವೀಕ್ಸ್ ಬರೆದ ಆತಂಕದ ಕೈಪಿಡಿ

'ಸೆಲ್ಫ್ ಹೆಲ್ಪ್ ಫಾರ್ ಯುವರ್ ನರ್ವ್ಸ್' 1962ರಲ್ಲಿ ಪ್ರಕಟವಾದ ಪುಸ್ತಕ. ಬರೆದವರು ಸಿಡ್ನಿಯ ವೈದ್ಯೆ ಕ್ಲೇರ್ ವೀಕ್ಸ್ (1903–1990). ಅವರು ಮೊದಲು ಪ್ರಾಣಿಶಾಸ್ತ್ರ ಓದಿ, ಹಲ್ಲಿಗಳ ಮೇಲೆ ಸಂಶೋಧನೆ ನಡೆಸಿ, ಆಮೇಲೆ ವೈದ್ಯಕೀಯಕ್ಕೆ ಬಂದವರು. ಯೌವನದಲ್ಲಿ ಅವರಿಗೆ ಕ್ಷಯ ತಗುಲಿದೆ ಎಂದು ವೈದ್ಯರು ತಪ್ಪಾಗಿ ಹೇಳಿದ್ದರು. ಆ ದಿನಗಳಲ್ಲಿ ಎದೆಬಡಿತದ ಕಾಟ ಬಲವಾಗಿ ಅಂಟಿಕೊಂಡಿತು. ಮೊದಲ ಮಹಾಯುದ್ಧದಲ್ಲಿ ಹೋರಾಡಿದ್ದ ಗೆಳೆಯರೊಬ್ಬರು, ಸೈನಿಕರ ಎದೆಯೂ ಹೀಗೆಯೇ ಹೊಡೆದುಕೊಳ್ಳುತ್ತಿತ್ತು, ಇದೆಲ್ಲ ಭಯದ ಕೆಲಸ ಎಂದು ತಿಳಿಸಿ ಹೇಳಿದ ಮೇಲೆ ಅದು ಹಿಡಿತ ಸಡಿಲಿಸಿತು. ಇಡೀ ಪುಸ್ತಕ ಈ ತಿಳಿವಳಿಕೆಯಿಂದ ಬೆಳೆದದ್ದು.

ವೀಕ್ಸ್ ಅವರ ದೊಡ್ಡ ಕೊಡುಗೆ ಭಯವನ್ನು ಎರಡಾಗಿ ಬಿಡಿಸಿ ತೋರಿಸಿದ್ದು. ಅಂಗಡಿಯ ಸಾಲಿನಲ್ಲಿ ನಿಂತವರಿಗೆ ಇದ್ದಕ್ಕಿದ್ದಂತೆ ಎದೆ ಡವಡವ ಎನ್ನುತ್ತದೆ, ಅಂಗೈ ಬೆವರುತ್ತದೆ, ಕಾಲು ಸೋತಂತಾಗುತ್ತದೆ. ಇದು ಮೊದಲ ಭಯ. ಅಡ್ರಿನಲಿನ್ ರಕ್ತಕ್ಕೆ ಇಳಿದಾಗ ದೇಹ ತಾನಾಗಿ ಹೀಗೆ ಮಾಡುತ್ತದೆ, ತಡೆಯುವುದು ಯಾರ ಕೈಯಲ್ಲೂ ಇಲ್ಲ. ಮರುಕ್ಷಣವೇ 'ಅಯ್ಯೋ, ಇಲ್ಲೇ ಬಿದ್ದುಬಿಟ್ಟರೆ?' ಎಂಬ ಯೋಚನೆ ಬರುತ್ತದೆ. ಇದು ಎರಡನೆಯ ಭಯ. ಇದು ಇನ್ನಷ್ಟು ಅಡ್ರಿನಲಿನ್ ಹರಿಸುತ್ತದೆ, ಎದೆ ಇನ್ನೂ ಜೋರಾಗಿ ಬಡಿಯುತ್ತದೆ, ಹೆದರಿಕೆಗೆ ಹೊಸ ಕಾರಣ ಸಿಗುತ್ತದೆ. ಎರಡೂ ಬೆನ್ನುಬೆನ್ನಿಗೇ ಬರುವುದರಿಂದ ಅನುಭವಿಸುವವರಿಗೆ ಒಂದೇ ಎನಿಸುತ್ತದೆ. ಅವನ್ನು ಬೇರೆಬೇರೆಯಾಗಿ ಕಂಡವರು, ಎಲ್ಲಿ ತಮ್ಮ ಮಾತು ನಡೆಯುತ್ತದೆ ಎಂಬುದನ್ನೂ ಕಾಣುತ್ತಾರೆ.

ಇದಕ್ಕೆ ವೀಕ್ಸ್ ಹೇಳುವ ಉಪಾಯ ನಾಲ್ಕು: ಎದುರಿಸು, ಒಪ್ಪಿಕೋ, ತೇಲು, ಸಮಯ ಕೊಡು. ಮೊದಲನೆಯದು ಎಲ್ಲರೂ ಹೇಳುವಂಥದೇ. ಹೆಚ್ಚಿನ ತೂಕ ಇರುವುದು ಮೂರನೆಯದಕ್ಕೆ. ಸಾಲು ಬಿಟ್ಟು ಓಡಬೇಕು ಎನಿಸಿದಾಗ ಹಲ್ಲು ಕಚ್ಚಿ, ಮುಷ್ಟಿ ಬಿಗಿದು ನಿಲ್ಲುವುದರಿಂದ ದೇಹದ ಬಿಗಿತ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಅದರ ಬದಲು ಭುಜ ಸಡಿಲ ಬಿಟ್ಟು, ನಡುಕವಿದ್ದರೆ ಇರಲಿ ಎಂದುಕೊಂಡು, ನೀರಿನ ಮೇಲೆ ಸಾಗುವಂತೆ ಮುಂದೆ ಹೆಜ್ಜೆಯಿಡಬೇಕು. ನಿತ್ಯ ಬಳಕೆಯ ಎಷ್ಟೋ ಪರಿಹಾರಗಳು ಏಕೆ ಕೈಕೊಡುತ್ತವೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಗಳಿಗೆಗೊಮ್ಮೆ ನಾಡಿ ಹಿಡಿದು ನೋಡುವುದು, ಒಬ್ಬರೇ ಹೊರಗೆ ಹೋಗದಿರುವುದು, ಜೇಬಿನಲ್ಲಿ ಮಾತ್ರೆ ಇದೆಯೇ ಎಂದು ಮತ್ತೆ ಮತ್ತೆ ಮುಟ್ಟಿಕೊಳ್ಳುವುದು ಆ ಹೊತ್ತಿಗೆ ನೆಮ್ಮದಿ ಕೊಟ್ಟರೂ, ಅಪಾಯ ನಿಜವೆಂದೇ ಮನಸ್ಸಿಗೆ ಕಲಿಸುತ್ತವೆ. ದೀರ್ಘ ಉಸಿರಾಟ ಒಳ್ಳೆಯದೇ. ಆದರೆ ಆತಂಕವನ್ನು ಕೂಡಲೇ ಓಡಿಸಿಬಿಡಬೇಕೆಂಬ ಹಟದಿಂದ ಮಾಡಿದರೆ ಅದೂ ಇದೇ ಸಾಲಿಗೆ ಸೇರುತ್ತದೆ.

ಇಡೀ ಪುಸ್ತಕ ನಿಂತಿರುವುದು ಕ್ಲಿನಿಕ್ಕಿನ ಅನುಭವದ ಮೇಲೆ. ಅದರ ವಿಧಾನವನ್ನು ಇತರ ಚಿಕಿತ್ಸೆಗಳೊಡನೆ ಹೋಲಿಸಿ ನೋಡಿದ ಪರೀಕ್ಷೆ ಅದರಲ್ಲಿಲ್ಲ. ಇದು ಸಣ್ಣ ಕೊರತೆಯಲ್ಲ. ಆದರೂ 1986ರಲ್ಲಿ ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ ಪ್ಯಾನಿಕ್‌ಗೆ (ಇದ್ದಕ್ಕಿದ್ದಂತೆ ಎರಗುವ ತೀವ್ರ ಭಯಕ್ಕೆ) ಕೊಟ್ಟ ವಿವರಣೆ, ಅಂದರೆ ದೇಹದ ಸಹಜ ಸಂವೇದನೆಗಳನ್ನು ಅನಾಹುತದ ಸೂಚನೆಯೆಂದು ತಪ್ಪಾಗಿ ಓದುವುದೇ ಅದರ ಮೂಲ ಎಂಬುದು, ವೀಕ್ಸ್ ಹೇಳಿದ್ದಕ್ಕೆ ಬಹಳ ಹತ್ತಿರದ್ದು. ಇಷ್ಟು ಮುಂಚೆಯೇ, ಅದೂ ರೋಗಿಗಳಿಗೆ ನೇರವಾಗಿ ಅರ್ಥವಾಗುವ ಮಾತಿನಲ್ಲಿ, ಒಬ್ಬ ವೈದ್ಯೆ ಇದನ್ನು ಬರೆದಿಟ್ಟದ್ದು ದೊಡ್ಡ ಸಾಧನೆ.

ಬಳಸುವವರನ್ನು ಹೆಚ್ಚು ಕಾಡುವ ಕೊರತೆ ಬೇರೆ. 'ಒಪ್ಪಿಕೋ' ಎಂಬ ಮಾತು ಹತ್ತಾರು ಬಾರಿ ಬರುತ್ತದೆ. ಅದನ್ನು ಅಭ್ಯಾಸ ಮಾಡುವ ಮೆಟ್ಟಿಲುಗಳು ಸಾಲದು. ಇಂದು ಬೀದಿಯ ತುದಿಯವರೆಗೆ, ಮುಂದೆ ಮಾರುಕಟ್ಟೆಯವರೆಗೆ, ಆಮೇಲೆ ಬಸ್ಸಿನಲ್ಲಿ ಎಂಬ ಕ್ರಮ ನಂತರದ ವರ್ತನಾ ಚಿಕಿತ್ಸೆಯ ಪುಸ್ತಕಗಳಲ್ಲಿದೆ, ಇಲ್ಲಿ ಅದನ್ನು ಓದುಗರೇ ಕಟ್ಟಿಕೊಳ್ಳಬೇಕು. ಪುನರುಕ್ತಿಯನ್ನು ಮಾತ್ರ ದೋಷವೆನ್ನಲಾಗದು. ಭಯದಲ್ಲಿರುವವರು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದುವುದಿಲ್ಲ. ಯಾವ ಪುಟ ತೆರೆದರೂ ಧೈರ್ಯದ ಮಾತು ಸಿಗಬೇಕು. ಆತಂಕ ಮರುಕಳಿಸಿದರೆ ಎಲ್ಲ ಮುಗಿಯಿತೆಂದಲ್ಲ, ಅದೂ ಗುಣವಾಗುವ ದಾರಿಯ ಭಾಗ ಎಂದು ವಿವರಿಸುವ ಪುಟಗಳು ಪುಸ್ತಕದ ಅತ್ಯುತ್ತಮ ಪುಟಗಳು.

ಸಾಲದ ಹೊರೆ, ಮನೆಯೊಳಗಿನ ಹಿಂಸೆ, ಕೆಲಸದ ಅಭದ್ರತೆಯಿಂದ ಹುಟ್ಟುವ ಆತಂಕಕ್ಕೆ ಈ ವಿಧಾನ ಅರ್ಧ ಉತ್ತರ; ಅಲ್ಲಿ ಪರಿಸ್ಥಿತಿಯೇ ಬದಲಾಗಬೇಕು. ಇನ್ನು ಥೈರಾಯ್ಡ್ ಗ್ರಂಥಿಯ ಚಟುವಟಿಕೆ ಅತಿಯಾದಾಗ, ಹೃದಯದ ಲಯ ತಪ್ಪಿದಾಗಲೂ ಇವೇ ಲಕ್ಷಣಗಳು ಕಾಣಿಸಿಕೊಳ್ಳುವುದರಿಂದ ಮೊದಲು ವೈದ್ಯರ ತಪಾಸಣೆ ಆಗಬೇಕು. ನಿದ್ದೆ, ಊಟ, ಕೆಲಸ ವಾರಗಟ್ಟಲೆ ಕೆಟ್ಟಿದ್ದರೆ ಅಥವಾ ಬದುಕೇ ಬೇಡವೆನಿಸಿದರೆ ಪುಸ್ತಕವನ್ನು ನೆಚ್ಚಿ ಕೂರಬಾರದು. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು, ಕರೆಗೆ ಶುಲ್ಕವಿಲ್ಲ.