ನಲವತ್ತೈದು ದಿನಗಳ ವಿಧಿ: ಒಂದು ವಿಮರ್ಶೆ

ಸಣ್ಣ ಉದ್ಯಮಗಳ ಸಂಕಷ್ಟವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಬ್ಯಾಂಕ್ ಸಾಲದ ಅಭಾವವನ್ನೇ ಮುಂದುಮಾಡುತ್ತಾರೆ. ಆದರೆ ಬೆಂಗಳೂರಿನ ಪೀಣ್ಯದಂತಹ ಪ್ರದೇಶದಲ್ಲಿ ದೊಡ್ಡ ಕಾರ್ಖಾನೆಗೆ ಬಿಡಿಭಾಗಗಳನ್ನೊದಗಿಸುವ ಚಿಕ್ಕ ಘಟಕವು, ತನ್ನ ಹಣ ಬರುವವರೆಗೆ, ಆ ಕಾರ್ಖಾನೆಗೇ ಬಡ್ಡಿಯಿಲ್ಲದ ಸಾಲ ಕೊಟ್ಟಂತಾಗುತ್ತದೆ. ಸರಕು ಮತ್ತು ಸೇವಾ ತೆರಿಗೆಯಾದರೋ ಬಿಲ್ಲಿನ ದಿನಾಂಕವನ್ನನುಸರಿಸಿ ಸಲ್ಲತಕ್ಕದ್ದು. ಹಣ ಕೈಸೇರುವುದನ್ನು ಅದು ಕಾಯದು.

2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮವು, ಒಪ್ಪಂದವೇನೇ ಇರಲಿ, ಅತಿಸಣ್ಣ ಹಾಗೂ ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ ಹಣ ಸಲ್ಲಬೇಕೆಂದು ವಿಧಿಸಿತು. ತಪ್ಪಿದರೆ ರಿಸರ್ವ್ ಬ್ಯಾಂಕು ಪ್ರಕಟಿಸುವ ಬ್ಯಾಂಕ್ ದರದ 3 ಪಟ್ಟು ಚಕ್ರಬಡ್ಡಿ. ವಿಧಿ ಕಠಿಣವೇ ಸರಿ. ಆದರೆ ದೂರು ಕೊಡಬೇಕಾದವನು ಮಾರಿದವನು. ದೂರಿತ್ತರೆ ಗಿರಾಕಿ ಕೈತಪ್ಪುವ ಭಯ. ಚಲಾಯಿಸಲು ಅಂಜುವವನಿಗೆ ಹಕ್ಕಿದ್ದೂ ಇಲ್ಲದಂತೆಯೇ.

2023ರ ಹಣಕಾಸು ಅಧಿನಿಯಮವು ಈ ಕೊರತೆಯನ್ನು ಆದಾಯ ತೆರಿಗೆಯ ಮಾರ್ಗದಿಂದ ತುಂಬಲೆಳಸಿತು. 2024ರ ಏಪ್ರಿಲ್ 1ರಂದು ಜಾರಿಗೆ ಬಂದ ವಿಧಿಯಂತೆ, ಅವಧಿ ಮೀರಿ ಸಲ್ಲಿಸಿದ ಹಣವನ್ನು ಖರೀದಿದಾರನು ಪಾವತಿಯ ವರ್ಷದಲ್ಲಿ ಮಾತ್ರ ವೆಚ್ಚವಾಗಿ ಕಳೆಯಬಹುದೆಂದಾಯಿತು. ಯಾರ ದೂರನ್ನೂ ಇದು ಅಪೇಕ್ಷಿಸದಿರುವುದು ಇದರ ಗುಣ.

ದೋಷಗಳೂ ಎರಡುಂಟು. ಅದೇ ವರ್ಷದೊಳಗೆ ತೀರಿಸಿದರೆ ಹಲವು ತಿಂಗಳ ವಿಳಂಬಕ್ಕೂ ಈ ವಿಧಿಯ ಪೆಟ್ಟಿಲ್ಲ. ಎರಡನೆಯದಾಗಿ, ಮಧ್ಯಮ ಉದ್ಯಮಗಳು ಇದರ ವ್ಯಾಪ್ತಿಯ ಹೊರಗಿರುವುದರಿಂದ ಖರೀದಿದಾರನು ಸಣ್ಣವರನ್ನು ತೊರೆದು ಅತ್ತ ಸರಿಯಬಹುದು. ವಿಧಿಯನ್ನು ಮಧ್ಯಮ ಉದ್ಯಮಗಳಿಗೂ ವಿಸ್ತರಿಸಿ, ವಿಳಂಬವನ್ನು ವರ್ಷಾಂತ್ಯದಿಂದಲ್ಲದೆ ದಿನಗಳಿಂದಲೇ ಅಳೆದಲ್ಲದೆ, ರಕ್ಷಣೆಯು ರಕ್ಷಿತನಿಗೇ ಹೊರೆಯಾಗುವ ಸಂಭವ ತಪ್ಪದು.