ಹಸಿರು ದೀಪವನ್ನು ನಂಬದ ಸ್ವಿಚ್ಚು

ಆದಿತ್ಯನಗರ, ವಾಡಿಯಂಥ ಸಿಮೆಂಟಿನ ಊರುಗಳಲ್ಲಿ ಕಿಲ್ನ್ ಹಗಲೂ ರಾತ್ರಿ ಉರಿಯಬೇಕು. ಕೇಬಲ್ ಕಡಿದರೂ ಕಂಟ್ರೋಲ್ ರೂಮಿಗೆ ಕಿಲ್ನಿನ ಸುದ್ದಿ ತಪ್ಪಬಾರದು. ಇಂಥಲ್ಲಿ ಓಎಸ್‌ಪಿಎಫ್, ಅಂದರೆ ಡೇಟಾದ ದಾರಿಯನ್ನು ತಾನೇ ಹುಡುಕಿಕೊಳ್ಳುವ ವಿಧಾನ, ಬಲ್ಲ ಸ್ವಿಚ್ಚಿಗೆ ಸಮನಿಲ್ಲ. ಎರಡು ಕೇಬಲ್ ಎಳೆದು ದಾರಿಯನ್ನು ಕೈಯಾರೆ ಬರೆದಿಟ್ಟರೆ ಸಾಲದೇ ಎನ್ನುವವರಿದ್ದಾರೆ. ಸಾಲದು. ನಡುವೆ ತಾಮ್ರದ ತಂತಿಯನ್ನು ಫೈಬರಿಗೆ ಬೆಸೆಯುವ ಮೀಡಿಯಾ ಕನ್ವರ್ಟರ್ ಇದ್ದು, ಅದರಾಚೆ ಫೈಬರ್ ತುಂಡಾದರೂ ಈಚೆಯ ಪೋರ್ಟಿನ ಹಸಿರು ದೀಪ ಉರಿಯುತ್ತಲೇ ಇರಬಹುದು. ಕೈಬರಹದ ದಾರಿ ಆ ದೀಪವನ್ನೇ ನಂಬಿ ಡೇಟಾವನ್ನೆಲ್ಲ ಹಳ್ಳಕ್ಕೆ ಸುರಿಯುತ್ತದೆ. ಓಎಸ್‌ಪಿಎಫ್ ಹಾಗಲ್ಲ. ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ನೆರೆಯ ಸ್ವಿಚ್ಚಿಗೆ ‘ಹಲೋ’ ಕಳಿಸುತ್ತದೆ. ಆ ಕಡೆಯ ಹಲೋ 40 ಸೆಕೆಂಡು ಬಾರದಿದ್ದರೆ ಬೇರೆ ದಾರಿ ಹಿಡಿಯುತ್ತದೆ. ಕಾರ್ಖಾನೆಗೆ 40 ಸೆಕೆಂಡು ಒಂದು ಯುಗವೇ, ಒಪ್ಪಿದೆ; ಜೊತೆಗೆ ದಾರಿ ಕಡಿದದ್ದನ್ನು ಬೇಗ ಪತ್ತೆಹಚ್ಚುವ ಬಿಎಫ್‌ಡಿ ಹಾಕಿದರೆ ಅದು ಒಂದು ಸೆಕೆಂಡಿಗೂ ಕೆಳಗಿಳಿಯುತ್ತದೆ. ಆದರೆ ಎರಡೂ ಕೇಬಲ್ ಒಂದೇ ಕಾಲುವೆಯಲ್ಲಿ ಮಲಗಿದ್ದರೆ, ಜೆಸಿಬಿಯ ಒಂದೇ ಹೊಡೆತಕ್ಕೆ ಈ ಜಾಣತನವೆಲ್ಲ ಮಣ್ಣುಪಾಲು. ಕಾನ್ಫಿಗರ್ ಮಾಡಲು ಕೂರುವ ಮುನ್ನ ಎರಡನೇ ಕೇಬಲನ್ನು ಬೇರೆ ದಾರಿಯಲ್ಲಿ ಹಾಕಿಸಿ.